ಫೋನು ಕೂಗಿದಾಗ: ತುರ್ತು ಎಚ್ಚರಿಕೆಗಳ ಬಗ್ಗೆ ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಳೆಗಾಲ ಹತ್ತಿರ ಬಂದಂತೆ, ಫೋನಿಗೆ ಬರುವ ಸರ್ಕಾರಿ ಎಚ್ಚರಿಕೆಗಳ ಬಗ್ಗೆ ಮಲೆನಾಡಿನ ಓದುಗರ ಪತ್ರಗಳೂ ಹೆಚ್ಚಿವೆ. ಒಂದೇ ತೆರನ ಪ್ರಶ್ನೆಗಳನ್ನು ಒಟ್ಟುಮಾಡಿ, ಮೊಬೈಲ್ ಜಾಲ ಮತ್ತು ವಿಪತ್ತು ನಿರ್ವಹಣೆಯ ಕೆಲಸ ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ಪ್ರಶ್ನೆ: 2023ರ ಅಕ್ಟೋಬರ್ 12ರಂದು ಮನೆಯ ಫೋನುಗಳೆಲ್ಲ ಒಮ್ಮೆಲೇ ಕಿರುಚಿಕೊಂಡವು. ಓದಿದರೆ ‘ಇದು ಪರೀಕ್ಷೆ, ಗಾಬರಿ ಬೇಡ’ ಅಂತ. ಆದರೆ ಮೇಲೆ ‘ಸಿವಿಯರ್’, ಅಂದರೆ ತೀವ್ರ, ಎಂದೂ ಇತ್ತು. ಇಷ್ಟಕ್ಕೂ ನಮ್ಮ ನಂಬರು ಅವರಿಗೆ ಕೊಟ್ಟವರು ಯಾರು?
— ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಯಾರೂ ಕೊಟ್ಟಿಲ್ಲ, ಕೊಡುವ ಅಗತ್ಯವೂ ಇರಲಿಲ್ಲ. ಅಂದು ಬಂದದ್ದು ಎಸ್‌ಎಂಎಸ್ ಅಲ್ಲ, ‘ಸೆಲ್ ಬ್ರಾಡ್‌ಕಾಸ್ಟ್’. ಭದ್ರಾವತಿ ಆಕಾಶವಾಣಿಯವರು ಯಾರ ಮನೆಯಲ್ಲಿ ರೇಡಿಯೊ ಹಚ್ಚಿದ್ದಾರೆ ಎಂದು ಪಟ್ಟಿ ನೋಡಿಕೊಂಡು ವಾರ್ತೆ ಓದುತ್ತಾರೆಯೇ? ಇದೂ ಹಾಗೆಯೇ. ಟವರು ಸಾರುತ್ತದೆ, ಅದರ ವ್ಯಾಪ್ತಿಯಲ್ಲಿರುವ ಫೋನು ಕೇಳಿಸಿಕೊಳ್ಳುತ್ತದೆ. ಕೇಳಿಸಿತು ಎಂದು ಫೋನು ತಿರುಗಿ ಹೇಳುವುದೂ ಇಲ್ಲ. ಹಾಗಾಗಿ ಯಾರ್‍ಯಾರಿಗೆ ತಲುಪಿತು ಎಂಬ ಲೆಕ್ಕ ಕಂಪನಿಯ ಹತ್ತಿರವೂ ಇರುವುದಿಲ್ಲ.

ಹಳೆಯ ಕೀಪ್ಯಾಡ್ ಫೋನು ಇಟ್ಟುಕೊಂಡಿದ್ದವರಿಗೆ ಒಂದು ನೆನಪು ಇರಬಹುದು. ಬಸ್ಸಿನಲ್ಲಿ ಹೋಗುತ್ತಿದ್ದರೆ ಪರದೆಯ ಮೇಲೆ ಊರಿನ ಹೆಸರು ತಾನಾಗಿ ಬದಲಾಗುತ್ತಿತ್ತು. ಅದೂ ಇದೇ ತಂತ್ರ, 50ನೇ ಚಾನೆಲ್ಲಿನಲ್ಲಿ ಟವರು ತನ್ನ ಹೆಸರು ಹೇಳಿಕೊಳ್ಳುತ್ತಿತ್ತು ಅಷ್ಟೆ. ಆಗ ಊರಿನ ಹೆಸರು ಬರುತ್ತಿದ್ದ ಜಾಗದಲ್ಲಿ ಈಗ ಎಚ್ಚರಿಕೆ ಬರುತ್ತಿದೆ.

ಸಂದೇಶ ಟವರಿನವರೆಗೆ ಬರುವ ದಾರಿ ಸ್ವಲ್ಪ ಉದ್ದ. ಮಳೆ, ಗುಡುಗು–ಸಿಡಿಲಿನ ಮುನ್ಸೂಚನೆ ಭಾರತೀಯ ಹವಾಮಾನ ಇಲಾಖೆಯದು. ಹೊಳೆಗಳ ಪ್ರವಾಹದ್ದು ಕೇಂದ್ರ ಜಲ ಆಯೋಗದ್ದು, ಸುನಾಮಿಯದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯದು. ಇವರೆಲ್ಲರ ಎಚ್ಚರಿಕೆ ಬಂದು ಸೇರುವುದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಎಂಬ ವ್ಯವಸ್ಥೆಗೆ. ಅದನ್ನು ಕಟ್ಟಿದ್ದು ಸರ್ಕಾರದ್ದೇ ಸಂಸ್ಥೆಯಾದ ಸಿ-ಡಾಟ್. ರಾಜ್ಯದ ಪ್ರಾಧಿಕಾರದವರು ಅದನ್ನು ನೋಡಿ, ಯಾವ ಪ್ರದೇಶಕ್ಕೆ, ಯಾವ ಭಾಷೆಯಲ್ಲಿ, ಎಸ್‌ಎಂಎಸ್ಸೋ ಬ್ರಾಡ್‌ಕಾಸ್ಟೋ ಎಂದು ತೀರ್ಮಾನಿಸಿ ಒಪ್ಪಿಗೆ ಒತ್ತಿದ ಮೇಲೆ ಮೊಬೈಲ್ ಕಂಪನಿಗಳಿಗೆ ಹೋಗುತ್ತದೆ. ಎಲ್ಲರೂ ತುಂಬುವ ಅರ್ಜಿಯ ನಮೂನೆ ಒಂದೇ, ‘ಕಾಮನ್ ಅಲರ್ಟಿಂಗ್ ಪ್ರೊಟೊಕಾಲ್’. ಅಪಾಯ ಎಷ್ಟು ತೀವ್ರ, ಎಷ್ಟು ಬೇಗ, ಎಷ್ಟು ಖಚಿತ, ಯಾವಾಗ ಮುಗಿಯುತ್ತದೆ ಎಂಬುದಕ್ಕೆ ಅದರಲ್ಲಿ ಬೇರೆ ಬೇರೆ ಕಲಮುಗಳಿವೆ. ಹಳೆಯ ಎಚ್ಚರಿಕೆಯನ್ನು ತಿದ್ದಲು, ರದ್ದುಮಾಡಲು ಕೂಡ ಅದೇ ನಮೂನೆ.

ಇನ್ನು ‘ಸಿವಿಯರ್’ ವಿಚಾರ. ಆ ತಲೆಬರಹವನ್ನು ಯಾರೂ ಸಂದೇಶದೊಳಗೆ ಟೈಪು ಮಾಡಿರುವುದಿಲ್ಲ. ಸಂದೇಶ ಯಾವ ಸಂಖ್ಯೆಯ ಚಾನೆಲ್ಲಿನಲ್ಲಿ ಬಂತು ಎಂದು ನೋಡಿ ಫೋನೇ ಹಾಕಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ 4371 ಮತ್ತು 4372 ಅತಿ ತೀವ್ರ ಅಪಾಯಕ್ಕೆ, 4373ರಿಂದ 4378 ತೀವ್ರ ಅಪಾಯಕ್ಕೆ ಮೀಸಲು. ಪರೀಕ್ಷೆಗೆಂದೇ 4380 ಇದೆ, ನಿಜ. ಆದರೆ ಅದರಲ್ಲಿ ಕಳಿಸಿದರೆ ಹೆಚ್ಚಿನ ಫೋನುಗಳು ಕಮಕ್ ಕಿಮಕ್ ಎನ್ನುವುದಿಲ್ಲ, ಏಕೆಂದರೆ ಪರೀಕ್ಷಾ ಸಂದೇಶದ ಗುಂಡಿ ಮೊದಲಿನಿಂದಲೂ ಆಫ್ ಆಗಿರುತ್ತದೆ. ಸೈರನ್ ಕೂಗುತ್ತದೋ ಇಲ್ಲವೋ ನೋಡಬೇಕಾದರೆ ಸೈರನ್ನೇ ಒತ್ತಬೇಕು.

ಪ್ರಶ್ನೆ: ಒಂದೇ ಜಗಲಿಯಲ್ಲಿದ್ದ ಮೂರು ಫೋನುಗಳಲ್ಲಿ ನನ್ನದು ಕೂಗಿತು, ಮಗನದು ಐದು ನಿಮಿಷ ತಡವಾಗಿ ಕೂಗಿತು, ಅಮ್ಮನ ಕೀಪ್ಯಾಡ್ ಫೋನು ಸುಮ್ಮನೇ ಇತ್ತು. ಏನು ಕಾರಣ?
— ತೀರ್ಥಹಳ್ಳಿ

ಉತ್ತರ: ಮೂರೂ ಬೇರೆ ಬೇರೆ ಕಂಪನಿಯ ಸಿಮ್ ಆಗಿದ್ದರೆ ಮೂರೂ ಬೇರೆ ಬೇರೆ ಟವರು, ಬೇರೆ ಬೇರೆ ಯಂತ್ರ. ಐದು–ಹತ್ತು ನಿಮಿಷ ಹೆಚ್ಚುಕಡಿಮೆ ಆಗುತ್ತದೆ. ಸಂದೇಶವನ್ನು ಟವರು ಒಂದೇ ಸಲ ಹೇಳಿ ಸುಮ್ಮನಾಗುವುದಿಲ್ಲ. ನಿಗದಿತ ಅವಧಿ ಮುಗಿಯುವವರೆಗೆ ಮತ್ತೆ ಮತ್ತೆ ಸಾರುತ್ತಿರುತ್ತದೆ. ಮೊದಲ ಸಲ ತಪ್ಪಿದ ಫೋನು ಎರಡನೆಯ, ಮೂರನೆಯ ಸಲಕ್ಕೆ ಹಿಡಿದುಕೊಳ್ಳುತ್ತದೆ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರುವುದರಿಂದ ಒಮ್ಮೆ ತೋರಿಸಿದ್ದನ್ನು ಫೋನು ಮತ್ತೆ ತೋರಿಸುವುದಿಲ್ಲ. ಮಗನ ಫೋನು ಆ ಹೊತ್ತಿಗೆ ಸಿಗ್ನಲ್ ಹುಡುಕುತ್ತಿತ್ತು ಎಂದರೂ ಇಷ್ಟೇ ತಡವಾಗುತ್ತದೆ. 2ಜಿ ಜಾಲದಲ್ಲಿ ಮಾತಾಡುತ್ತಿರುವ ಫೋನಿಗೆ ಬ್ರಾಡ್‌ಕಾಸ್ಟ್ ಕೇಳಿಸುವುದೇ ಇಲ್ಲ, ಕರೆ ಮುಗಿಯಬೇಕು. 4ಜಿಯಲ್ಲಿ ಆ ತೊಂದರೆ ಇಲ್ಲ.

ಅಮ್ಮನ ಫೋನಿನ ಸೆಟ್ಟಿಂಗ್ ನೋಡಿ. ಮೆಸೇಜ್ ಮೆನುವಿನೊಳಗೆ ‘ಸೆಲ್ ಬ್ರಾಡ್‌ಕಾಸ್ಟ್’, ‘ಬ್ರಾಡ್‌ಕಾಸ್ಟ್ ಮೆಸೇಜ್’ ಅಥವಾ ‘ಇನ್ಫೋ ಮೆಸೇಜ್’ ಎಂಬ ಹೆಸರಲ್ಲಿ ಇರುತ್ತದೆ. ಬ್ಯಾಟರಿ ಉಳಿಯಲಿ ಎಂದೋ ಜಾಹೀರಾತು ಕಾಟ ತಪ್ಪಲಿ ಎಂದೋ ಅಂಗಡಿಯವರು ಅದನ್ನು ಆಫ್ ಮಾಡಿಕೊಟ್ಟಿರುವುದು ಉಂಟು. ಆನ್ ಮಾಡಿ. ಚಾನೆಲ್ ಪಟ್ಟಿ ಸೇರಿಸಲು ಅವಕಾಶವಿದ್ದರೆ 4370ರಿಂದ 4378ರವರೆಗಿನ ಸಂಖ್ಯೆ ಹಾಕಿ. ಇಷ್ಟಾದ ಮೇಲೂ ಕೆಲವು ಹಳೆಯ ಸೆಟ್ಟುಗಳು ದೊಡ್ಡ ಸದ್ದು ಮಾಡುವುದಿಲ್ಲ, ಮಾಮೂಲಿ ಮೆಸೇಜಿನಂತೆ ಒಳಗಿಟ್ಟುಕೊಳ್ಳುತ್ತವೆ. ಅದಕ್ಕೆ ಮದ್ದಿಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ಮೆನುವಿನ ಜಾಡು ಕಂಪನಿಗೊಂದು ತರ. ಹುಡುಕಿ ಸುಸ್ತಾಗುವ ಬದಲು ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕು ಪಟ್ಟಿಯಲ್ಲಿ ‘ಎಮರ್ಜೆನ್ಸಿ ಅಲರ್ಟ್ಸ್’ ಎಂದು ಕೊಡಿ; ಫೋನು ಕನ್ನಡದಲ್ಲಿದ್ದರೆ ‘ತುರ್ತು’ ಎಂದರೆ ಸಾಕು. ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಪುಟ ಬರುತ್ತದೆ. ಕೆಲವು ಸೆಟ್ಟುಗಳಲ್ಲಿ ಇದು ಮೆಸೇಜ್ ಆ್ಯಪಿನ ಸೆಟ್ಟಿಂಗಿನೊಳಗೆ ಅಡಗಿರುತ್ತದೆ. ಅಲ್ಲಿ ‘ಎಕ್ಸ್‌ಟ್ರೀಮ್’, ‘ಸಿವಿಯರ್’ ಎರಡೂ ಆನ್ ಇರಲಿ. ‘ಡು ನಾಟ್ ಡಿಸ್ಟರ್ಬ್’ ಇದ್ದರೂ ಸದ್ದು ಮಾಡು ಎಂಬರ್ಥದ ಗುಂಡಿ ಇದ್ದರೆ ಅದನ್ನೂ ಆನ್ ಮಾಡಿ. ಕನ್ನಡಕ ಹುಡುಕುತ್ತಾ ಕೂರುವ ಹಿರಿಯರಿದ್ದರೆ, ಸಂದೇಶವನ್ನು ಓದಿ ಹೇಳುವ ಆಯ್ಕೆ ಉಪಯೋಗಕ್ಕೆ ಬರುತ್ತದೆ. ಬಂದುಹೋದ ಎಚ್ಚರಿಕೆಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಗಾಬರಿಯಲ್ಲಿ ‘ಓಕೆ’ ಒತ್ತಿಬಿಟ್ಟವರು ಅಲ್ಲಿ ಮತ್ತೆ ಓದಬಹುದು. ಐಫೋನಿನಲ್ಲಿ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಆಮೇಲೆ ಪುಟದ ಕಟ್ಟಕಡೆಗೆ ಇಳಿಯಿರಿ.

ಪ್ರಶ್ನೆ: ರಾತ್ರಿ ಸೈಲೆಂಟ್ ಮಾಡಿ ಮಲಗಿದರೆ? ಏರೋಪ್ಲೇನ್ ಮೋಡ್ ಹಾಕಿದರೆ?
— ಶಿಕಾರಿಪುರ

ಉತ್ತರ: ಸೈಲೆಂಟಿನಲ್ಲಿದ್ದರೂ ಹೆಚ್ಚಿನ ಸ್ಮಾರ್ಟ್‌ಫೋನುಗಳು ಕೂಗುತ್ತವೆ. ಏರೋಪ್ಲೇನ್ ಮೋಡಿನಲ್ಲಿ, ಸ್ವಿಚ್ ಆಫ್ ಆಗಿದ್ದಾಗ ಬರುವುದಿಲ್ಲ. ಮಳೆಗಾಲದ ರಾತ್ರಿ ಏರೋಪ್ಲೇನ್ ಮೋಡಿನ ಅಭ್ಯಾಸ ಬಿಡಿ.

ಪ್ರಶ್ನೆ: ನಮ್ಮದು ಶರಾವತಿ ಹಿನ್ನೀರಿನ ಕಡೆಯ ಹಳ್ಳಿ. ಜೋರು ಮಳೆ ಬಂದರೆ ಮೊದಲು ಕರೆಂಟು ಹೋಗುತ್ತದೆ, ಹಿಂದೆಯೇ ಟವರು ಸಾಯುತ್ತದೆ. ಎಚ್ಚರಿಕೆ ಬೇಕಾಗುವ ಹೊತ್ತಿಗೇ ಫೋನು ಸತ್ತಿರುತ್ತದೆ. ಹೀಗಿರುವಾಗ ಈ ವ್ಯವಸ್ಥೆ ನಮಗೇನು ಪ್ರಯೋಜನ? ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆ, ವೈಫೈಯಲ್ಲೇ ಕರೆ ಮಾಡುತ್ತೇವೆ.
— ಸಾಗರ ತಾಲ್ಲೂಕು

ಉತ್ತರ: ನೀವು ಕೈ ಇಟ್ಟದ್ದು ಹುಣ್ಣಿನ ಮೇಲೇ. ದೆಹಲಿಯಿಂದ ಬೆಂಗಳೂರಿನವರೆಗೆ ಏನೇ ಹೊಸ ಯಂತ್ರ ಕೂರಿಸಿದರೂ ಕೊನೆಯ ಮೂರು ಮೈಲಿ ನಿಂತಿರುವುದು ಊರ ಗುಡ್ಡದ ಮೇಲಿನ ಟವರಿನ ಬ್ಯಾಟರಿ ಮತ್ತು ಡೀಸೆಲ್ ಮೇಲೆ. ಟವರು ನಡೆಯುವುದು 48 ವೋಲ್ಟಿನ ಬ್ಯಾಟರಿ ಸಾಲಿನಲ್ಲಿ. ಕರೆಂಟು ಹೋದ ಮೇಲೆ ಅದು ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಜನರೇಟರ್ ಬೇಕು. ವಾರಗಟ್ಟಲೆ ಕರೆಂಟು ಬಂದು ಹೋಗಿ ಮಾಡುತ್ತಿದ್ದರೆ, ವೋಲ್ಟೇಜ್ ಕಡಿಮೆ ಇದ್ದರೆ ಬ್ಯಾಟರಿ ಪೂರ್ತಿ ತುಂಬಿರುವುದೇ ಇಲ್ಲ. ರಸ್ತೆಗೆ ಮರ ಬಿದ್ದರೆ ಡೀಸೆಲ್ ತರುವವರೂ ಬರಲಾರರು.

ಇದಕ್ಕಿಂತ ಮೋಸದ ಸ್ಥಿತಿ ಇನ್ನೊಂದಿದೆ. ಟವರಿಗೆ ಕರೆಂಟು ಇರುತ್ತದೆ, ಆದರೆ ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಕೇಬಲ್ಲಿನ ಮೇಲೆ ಕೊಂಬೆ ಬಿದ್ದು ತುಂಡಾಗಿರುತ್ತದೆ. ಆಗ ಫೋನಿನಲ್ಲಿ ಕೆಲವೊಮ್ಮೆ ಎರಡು ಕಡ್ಡಿ ತೋರಿಸುತ್ತಲೇ ಇರುತ್ತದೆ, ಆದರೆ ಟವರಿಗೇ ಹೊರಗಿನ ಸುದ್ದಿ ಬಂದಿರುವುದಿಲ್ಲ, ಅದು ನಿಮಗೇನು ಸಾರೀತು? ಕಡ್ಡಿ ಇದ್ದೂ ಕರೆ ಹೋಗುತ್ತಿಲ್ಲ ಎಂದರೆ ಎಚ್ಚರಿಕೆಯೂ ಬರುವುದಿಲ್ಲ ಎಂದೇ ತಿಳಿಯಿರಿ.

ವೈಫೈ ಮನೆಗಳ ವಿಷಯ ಬೇರೆ. ಸೆಲ್ ಬ್ರಾಡ್‌ಕಾಸ್ಟ್ ವೈಫೈ ಮೂಲಕ ಬರುವುದಿಲ್ಲ, ಅದು ಟವರಿನ ಅಲೆಯಲ್ಲಿ ಮಾತ್ರ. ಟವರಿನ ಸಿಗ್ನಲ್ಲೇ ಇಲ್ಲದೆ ವೈಫೈ ಕರೆಯ ಮೇಲೆ ಬದುಕುವವರಿಗೆ ಎಸ್‌ಎಂಎಸ್ ಬರಬಹುದು, ಸೈರನ್ ಬಾರದು. ಇಂಥವರು ‘ಸಚೇತ್’ ಆ್ಯಪ್ ಹಾಕಿಕೊಳ್ಳಬೇಕು. ಅದು ಇಂಟರ್ನೆಟ್ಟಿನಲ್ಲಿ ನಡೆಯುತ್ತದೆ, ನಿಮ್ಮ ಜಾಗಕ್ಕೆ ತಕ್ಕ ಎಚ್ಚರಿಕೆ ಕೊಡುತ್ತದೆ. ವೈಫೈ ಪೆಟ್ಟಿಗೆಗೆ ಒಂದು ಪುಟ್ಟ ಯುಪಿಎಸ್ ಕೊಡಿ. 12 ವೋಲ್ಟಿನ ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್‌ಗಳಿವೆ. ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರ್ ಎರಡನ್ನೂ ಹೊಂದಿಸಿ ನೋಡಿ. ಫೈಬರ್ ಬಂದ ಪೆಟ್ಟಿಗೆ, ವೈಫೈ ಪೆಟ್ಟಿಗೆ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಕೊಡಬೇಕು. ಒಂದಕ್ಕೇ ಕೊಟ್ಟು ‘ಯುಪಿಎಸ್ ಕೆಟ್ಟಿದೆ’ ಎಂದು ವಾಪಸು ಒಯ್ಯುವವರು ಬಹಳ.

ಇನ್ನೊಂದು ಸಣ್ಣ ಕೆಲಸ. ಫೋನಿನ ನೆಟ್‌ವರ್ಕ್ ಆಯ್ಕೆಯನ್ನು ‘ಆಟೊಮ್ಯಾಟಿಕ್’ನಲ್ಲೇ ಇಡಿ. ದೊಡ್ಡ ವಿಪತ್ತುಗಳಲ್ಲಿ ಒಂದು ಕಂಪನಿಯ ಗಿರಾಕಿ ಇನ್ನೊಂದು ಕಂಪನಿಯ ಟವರು ಬಳಸಲು ಸರ್ಕಾರ ಅವಕಾಶ ಮಾಡಿಸುತ್ತದೆ. ಕೈಯಾರೆ ಒಂದೇ ಕಂಪನಿಗೆ ಕಟ್ಟಿಹಾಕಿದ ಫೋನಿಗೆ ಆ ಅವಕಾಶ ಸಿಗುವುದಿಲ್ಲ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಟವರು ಜೀವಂತವಿದ್ದರೆ 112ಕ್ಕೆ ಕರೆ ಪ್ರಯತ್ನಿಸಿ.

ಇಷ್ಟು ಹೇಳಿದ ಮೇಲೂ, ಮಲೆನಾಡಿನ ಒಂಟಿಮನೆಗಳಿಗೆ ಫೋನನ್ನೇ ನಂಬಿ ಕೂರಿ ಎಂದು ನಾವು ಹೇಳಲಾರೆವು. ಪಂಚಾಯಿತಿಯ ಮೈಕು, ಪಕ್ಕದ ಮನೆಯವರ ಕೂಗು, ಬ್ಯಾಟರಿ ರೇಡಿಯೊ ಬಿಟ್ಟುಕೊಡುವ ಕಾಲ ಇನ್ನೂ ಬಂದಿಲ್ಲ.

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಕಾರ್ಗಲ್‌ನಲ್ಲಿದ್ದ ನನಗೆ ಉತ್ತರ ಕನ್ನಡ ಜಿಲ್ಲೆಗೆ ಕೊಟ್ಟ ಎಚ್ಚರಿಕೆ ಬಂತು. ತಪ್ಪಿ ಬಂದದ್ದೇ?
— ಒಬ್ಬ ಓದುಗ

ಉತ್ತರ: ತಪ್ಪಲ್ಲ, ಚೆಲ್ಲಿ ಬಂದದ್ದು. ಅಧಿಕಾರಿಗಳು ನಕ್ಷೆಯ ಮೇಲೆ ಗೆರೆ ಎಳೆದು ಪ್ರದೇಶ ಗುರುತಿಸುತ್ತಾರೆ. ಆ ಗೆರೆಯೊಳಗೆ ಅಲೆ ಬೀಳುವ ಟವರುಗಳನ್ನು ಕಂಪನಿಯ ಯಂತ್ರ ಆರಿಸಿಕೊಳ್ಳುತ್ತದೆ. ಟವರಿನ ಅಲೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಗುಡ್ಡದ ನೆತ್ತಿಯ ಟವರು ಆಚೆ ಕಣಿವೆಗೂ ಈಚೆ ಪೇಟೆಗೂ ಬೀಳುತ್ತದೆ. ನಿಮ್ಮ ಫೋನು ಆ ಹೊತ್ತಿಗೆ ಗಡಿಯಾಚೆಯ ಟವರನ್ನು ಹಿಡಿದಿದ್ದರೂ ಆಯಿತು. ತಿರುಗುಮುರುಗಾಗಿ, ಗುಡ್ಡದ ಮರೆಯ ಮನೆಗೆ ಪಕ್ಕದ ಜಿಲ್ಲೆಯ ಟವರು ಮಾತ್ರ ಸಿಗುತ್ತಿದ್ದರೆ ನಿಮ್ಮ ಜಿಲ್ಲೆಯ ಎಚ್ಚರಿಕೆ ತಪ್ಪಲೂಬಹುದು.

ಪ್ರಶ್ನೆ: ಎಸ್‌ಎಂಎಸ್ಸಿನಲ್ಲಿ ಬರುವ ಕನ್ನಡ ಎಚ್ಚರಿಕೆ ಎಷ್ಟು ಮೊಟಕು ಎಂದರೆ ತಾಲ್ಲೂಕಿನ ಹೆಸರೂ ಇರುವುದಿಲ್ಲ. ಇಂಗ್ಲಿಷಿನಲ್ಲಿ ಉದ್ದ ಬರೆಯುತ್ತಾರಲ್ಲ, ಕನ್ನಡಕ್ಕೇಕೆ ಜಿಪುಣತನ? ಕೆಲವು ಸಲ ಮಳೆ ನಿಂತ ಮೇಲೆ ಬರುತ್ತದೆ, ಅದೇಕೆ?
— ಶಿವಮೊಗ್ಗ, ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ಜಿಪುಣತನ ಬರೆಯುವವರದ್ದಷ್ಟೇ ಅಲ್ಲ, ಬೈಟುಗಳದ್ದು. ಒಂದು ಎಸ್‌ಎಂಎಸ್ಸಿನಲ್ಲಿ ಇಂಗ್ಲಿಷ್ ಅಕ್ಷರ 160 ಹಿಡಿಯುತ್ತವೆ, ಕನ್ನಡದ್ದು 70 ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ 16 ಬಿಟ್ ಬೇಕು. ಚಿಹ್ನೆ ಎಂದರೆ ನಾವು ಎಣಿಸುವ ಅಕ್ಷರವೂ ಅಲ್ಲ. ‘ತೀರ್ಥಹಳ್ಳಿ’ಯನ್ನೇ ತೆಗೆದುಕೊಳ್ಳಿ. ಕಣ್ಣಿಗೆ ನಾಲ್ಕು ಅಕ್ಷರ: ತೀ, ರ್ಥ, ಹ, ಳ್ಳಿ. ಯಂತ್ರಕ್ಕೆ ಹತ್ತು: ತ, ದೀರ್ಘದ ಗುಡಿಸು, ರ, ವಿರಾಮ ಚಿಹ್ನೆ, ಥ, ಹ, ಳ, ಮತ್ತೆ ವಿರಾಮ, ಇನ್ನೊಂದು ಳ, ಗುಡಿಸು. 16ರಂತೆ ಒಟ್ಟು 160 ಬಿಟ್. ಅದೇ ಹೆಸರನ್ನು ಇಂಗ್ಲಿಷಿನಲ್ಲಿ 12 ಅಕ್ಷರಗಳಲ್ಲಿ ಬರೆದರೆ 84 ಬಿಟ್‌ನಲ್ಲಿ ಮುಗಿಯುತ್ತದೆ.

ಸೆಲ್ ಬ್ರಾಡ್‌ಕಾಸ್ಟ್ ಇಲ್ಲಿ ಸ್ವಲ್ಪ ಧಾರಾಳಿ. ಒಂದು ಪುಟಕ್ಕೆ 82 ಬೈಟು, ಅಂಥ 15 ಪುಟ. ಇಂಗ್ಲಿಷಿನಲ್ಲಿ 1395 ಅಕ್ಷರ, ಕನ್ನಡದಲ್ಲಿ ಸುಮಾರು 600 ಚಿಹ್ನೆ. ಊರು, ಹೊತ್ತು, ಮಾಡಬೇಕಾದ್ದು ಮೂರನ್ನೂ ಕನ್ನಡದಲ್ಲೇ ಬರೆಯಲು ಇದು ಧಾರಾಳವಾಗಿ ಸಾಕು. ‘ಸಂಭವನೀಯತೆ ಇರುವ ಹಿನ್ನೆಲೆಯಲ್ಲಿ’ ಎಂಬಂಥ ಕಚೇರಿ ಭಾಷೆಗೆ ಜಾಗ ಸುರಿದು ಹೊಳೆಯ ಹೆಸರು ಬಿಟ್ಟರೆ ಮಾತ್ರ ತಂತ್ರಜ್ಞಾನವನ್ನು ದೂರುವಂತಿಲ್ಲ.

ತಡವಾಗುವುದು ಎಸ್‌ಎಂಎಸ್‌ನ ಹುಟ್ಟುಗುಣ. ಆ ಪ್ರದೇಶದ ಟವರುಗಳಲ್ಲಿ ಈಗ ಯಾವ ನಂಬರುಗಳಿವೆ ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ಬೇರೆಯಾಗಿ ಕಳಿಸಬೇಕು. ಲೆಕ್ಕಕ್ಕೆ, ಸೆಕೆಂಡಿಗೆ 100ರಂತೆ 5 ಲಕ್ಷ ಜನಕ್ಕೆ ಕಳಿಸಿದರೆ 5,000 ಸೆಕೆಂಡು, ಅಂದರೆ ಒಂದು ಗಂಟೆ 23 ನಿಮಿಷ. ಸಾಲಿನ ಕೊನೆಯವರಿಗೆ ಬರುವಷ್ಟರಲ್ಲಿ ಮೋಡ ಘಟ್ಟ ಇಳಿದಿರುತ್ತದೆ. ಬ್ರಾಡ್‌ಕಾಸ್ಟಿನಲ್ಲಿ ಐದು ಜನವಿದ್ದರೂ ಐದು ಲಕ್ಷವಿದ್ದರೂ ಒಂದೇ ಹೊತ್ತು; ನಿಧಾನದ 2ಜಿಯಲ್ಲಿ ಕೂಡ ಒಂದು ಪುಟಕ್ಕೆ ಎರಡು ಸೆಕೆಂಡು ಸಾಕು.

ಪ್ರಶ್ನೆ: ಆರೆಂಜ್ ಅಲರ್ಟ್ ಎಂದರು, ನಮ್ಮಲ್ಲಿ ಬಿಸಿಲು. ಯೆಲ್ಲೋ ಎಂದ ದಿನ ತೋಟದ ಸಂಕವೇ ಕೊಚ್ಚಿಹೋಯಿತು. ಈ ಬಣ್ಣಗಳನ್ನು ನಂಬುವುದು ಹೇಗೆ?
— ಸೊರಬ ಮತ್ತು ಹೊಸನಗರದಿಂದ ಇಬ್ಬರು

ಉತ್ತರ: ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ‘ಭಾರಿ’ ಮಳೆ, 115.6ರಿಂದ 204.4 ‘ಅತಿ ಭಾರಿ’, ಅದಕ್ಕೂ ಮೇಲೆ ‘ಅತ್ಯಂತ ಭಾರಿ’. ಅವರ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ. ಬಣ್ಣ ಹೇಳುವುದು ನೀವೇನು ಮಾಡಬೇಕೆಂದು: ಹಳದಿಗೆ ನಿಗಾ, ಕಿತ್ತಳೆಗೆ ತಯಾರಿ, ಕೆಂಪಿಗೆ ಕ್ರಮ.

ತೊಡಕಿರುವುದು ‘ಜಿಲ್ಲೆ’ ಎಂಬ ಪದದಲ್ಲಿ. ಹುಲಿಕಲ್ಲು, ಆಗುಂಬೆಯೂ ಶಿವಮೊಗ್ಗ ಜಿಲ್ಲೆ, ಶಿಕಾರಿಪುರದ ಅರೆಬಯಲುಸೀಮೆಯೂ ಶಿವಮೊಗ್ಗ ಜಿಲ್ಲೆ. ಘಟ್ಟದ ಅಂಚಿನಲ್ಲಿ ಒಂದೇ ದಿನ 100 ಮಿಲಿಮೀಟರ್ ಬೀಳುವುದು ಆಷಾಢದ ಮಾಮೂಲಿ. ಅದೇ ಮಳೆ ಶಿಕಾರಿಪುರದ ಕಡೆ ಕೆರೆ ಏರಿಗೆ ಕುತ್ತು. ಬಣ್ಣ ಎರಡಕ್ಕೂ ಒಂದೇ. ಹಾಗಾಗಿ ಬಣ್ಣದ ಜೊತೆಗೆ ನಿಮ್ಮ ಅಂಗಳದ ಲೆಕ್ಕವನ್ನೂ ಇಟ್ಟುಕೊಳ್ಳಿ. ಬಾಯಿ, ತಳ ಎರಡೂ ಒಂದೇ ಅಗಲವಿರುವ ನೇರ ಗೋಡೆಯ ಡಬ್ಬಿಯನ್ನು ಮರ, ಮಾಡಿನ ನೀರು ತಾಗದ ಬಯಲಲ್ಲಿಟ್ಟು ಬೆಳಿಗ್ಗೆ 8.30ಕ್ಕೆ ಅಡಿಪಟ್ಟಿ ಇಳಿಸಿ ನೋಡಿ. ಪಟ್ಟಿಯ ಸೊನ್ನೆ ತುದಿಗಿಂತ ಒಳಗಿದ್ದರೆ ಅಷ್ಟನ್ನು ಕೂಡಿಸಿ. ಒಂದು ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು 4,047 ಲೀಟರ್ ನೀರು. 200 ಮಿಲಿಮೀಟರ್ ಬಿದ್ದ ದಿನ ಒಂದೆಕರೆ ತೋಟದ ಕಪ್ಪಿನಲ್ಲಿ (ಬಸಿಗಾಲುವೆಯಲ್ಲಿ) ಇಳಿದು ಹೋಗಬೇಕಾದ್ದು 8 ಲಕ್ಷ ಲೀಟರ್.

ಧರೆ ಕುಸಿತದ ವಿಷಯದಲ್ಲಂತೂ ನಿಮ್ಮ ಮನೆಯ ಹಿಂದಿನ ಧರೆ ಇಂದು ಬೀಳುತ್ತದೆ ಎಂದು ಯಾವ ಫೋನೂ ಹೇಳದು. ಜೆಸಿಬಿಯಲ್ಲಿ ನೇರ ಕಡಿದ ಧರೆ, ಮೇಲೆ ಹೊಸ ಬಿರುಕು, ಓರೆಯಾದ ಮರ, ತಿಳಿಯಾಗಿದ್ದ ಒರತೆ ಕೆಂಪಗೆ ಕದಡಿದ್ದು ಕಂಡರೆ ಹಸಿರು ಬಣ್ಣದ ದಿನವಾದರೂ ಆ ಕೋಣೆಯಲ್ಲಿ ಮಲಗಬೇಡಿ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಹೊಳವು (ಮಳೆಯ ಬಿಡುವು) ಹುಡುಕುವವರು ಜಿಲ್ಲೆಯ ಬಣ್ಣಕ್ಕಿಂತ ಮುಂದಿನ ಮೂರು ಗಂಟೆಯ ಮುನ್ಸೂಚನೆಯಾದ ‘ನೌಕಾಸ್ಟ್’ ನೋಡುವುದು ಲೇಸು.

ಪ್ರಶ್ನೆ: ಸಿಡಿಲಿಗೆ ಬೇರೆ ಆ್ಯಪ್ ಬೇಕೇ?
— ಭದ್ರಾವತಿ

ಉತ್ತರ: ಇದ್ದರೆ ಒಳ್ಳೆಯದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ವೃತ್ತದಲ್ಲಿ ಬೀಳುತ್ತಿರುವ ಸಿಡಿಲನ್ನು ತೋರಿಸಿ ಎಚ್ಚರಿಸುತ್ತದೆ. ಡೇಟಾ, ಲೊಕೇಶನ್ ಎರಡೂ ಆನ್ ಇರಬೇಕು. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ಹಿಂದಿನಿಂದ ಮುಚ್ಚಿಬಿಡುತ್ತದೆ, ಅದಕ್ಕೆ ವಿನಾಯಿತಿ ಕೊಡಿ. ಅಡಿಕೆ ಮರದ ಮೇಲೆ, ಅಲ್ಯೂಮಿನಿಯಂ ದೋಟಿ ಕೈಯಲ್ಲಿ ಇರುವವರಿಗೆ ಗುಡುಗು ಕೇಳಿಸಿದರೆ ಆ್ಯಪ್ ತೆರೆಯುವ ಹೊತ್ತಲ್ಲ, ಇಳಿಯುವ ಹೊತ್ತು.

ಪ್ರಶ್ನೆ: ‘ನಾಳೆ ಶಾಲೆಗೆ ರಜೆ, ತುಂಗಾ ಡ್ಯಾಂ ಗೇಟು ಮುರಿದಿದೆ, ವಿವರಕ್ಕೆ ಈ ಲಿಂಕ್ ಒತ್ತಿ’ ಎಂದು ಬರುವ ಮೆಸೇಜು ನಿಜವೋ ಸುಳ್ಳೋ ತಿಳಿಯುವುದು ಹೇಗೆ?
— ಶಿವಮೊಗ್ಗ, ಹೊಳೆ ದಂಡೆಯ ಬಡಾವಣೆ

ಉತ್ತರ: ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಸರ್ಕಾರದ ಬ್ರಾಡ್‌ಕಾಸ್ಟ್ ಅಲ್ಲವೇ ಅಲ್ಲ. ನಿಜವಾದ ಸೆಲ್ ಬ್ರಾಡ್‌ಕಾಸ್ಟ್ ಪರದೆಯನ್ನೇ ಆವರಿಸಿಕೊಂಡು ಬರುತ್ತದೆ, ಅದಕ್ಕೆ ಕಳಿಸಿದವರ ನಂಬರು ಇರುವುದಿಲ್ಲ, ಮುಂದಕ್ಕೆ ಕಳಿಸಿ ಎಂದು ಕೇಳುವುದಿಲ್ಲ. ಸರ್ಕಾರಿ ಎಸ್‌ಎಂಎಸ್ಸಿನ ಕಳಿಸಿದವರ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಇಂಗ್ಲಿಷಿನ ‘ಜಿ’ ಅಕ್ಷರ ಇರುತ್ತದೆ. ಹತ್ತಂಕಿಯ ಮಾಮೂಲಿ ನಂಬರಿನಿಂದ ಬಂದರೆ ಅನುಮಾನಿಸಿ. ಒಟಿಪಿ, ಆಧಾರ್ ಕೇಳಿದರೆ, ಎಪಿಕೆ ಫೈಲು (ಆ್ಯಪ್ ಹಾಕಿಸುವ ಕಡತ) ಕಳಿಸಿದರೆ ಕಳ್ಳರದ್ದೇ. ರಜೆಯ ಆದೇಶ ಜಿಲ್ಲಾಧಿಕಾರಿಗಳದ್ದು, ಅದಕ್ಕೂ ಈ ಸೈರನ್ನಿಗೂ ಸಂಬಂಧವಿಲ್ಲ.

ಗಾಜನೂರಿನ ತುಂಗಾ ಅಣೆಕಟ್ಟೆಯ ಸಂಗ್ರಹ 3.24 ಟಿಎಂಸಿಯಷ್ಟೇ. ಮುಂಗಾರು ಹಿಡಿದರೆ ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದಷ್ಟು ನೀರನ್ನೂ ಬಿಡಲೇಬೇಕು. ಗೇಟು ತೆರೆದರು ಎಂಬ ಸುದ್ದಿ ಆ ದಿನಗಳಲ್ಲಿ ಮಾಮೂಲು. ಕೇಳಬೇಕಾದ ಪ್ರಶ್ನೆ ಎಷ್ಟು ಕ್ಯೂಸೆಕ್ ಎಂಬುದು. ನಿನ್ನೆಯ ಅಂಕಿ, ಇವತ್ತಿನ ಅಂಕಿ ಎರಡನ್ನೂ ಕೇಳಿ, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೇ ಎಂದು ನೋಡಲು ದಂಡೆಗೆ ಹೋಗುವ ಬದಲು 1077ಕ್ಕೆ, ಅಂದರೆ ಜಿಲ್ಲಾ ತುರ್ತು ಕೇಂದ್ರಕ್ಕೆ ಕರೆ ಮಾಡಿ ವಿಚಾರಿಸಿ. ಕರೆಂಟಿನ ತಂತಿ ಬಿದ್ದಿದ್ದರೆ ಮೆಸ್ಕಾಂನ 1912. ಈ ನಂಬರುಗಳನ್ನು ಫೋನಿನಲ್ಲಿ ಮಾತ್ರವಲ್ಲ, ಅಡುಗೆಮನೆಯ ಬಾಗಿಲ ಹಿಂದೆಯೂ ಬರೆದಿಡಿ.